ಕೆ. ವೆಂಕಟಪ್ಪನವರು ನಿಸರ್ಗಚಿತ್ರಕಾರರೋ, ಭಾವಚಿತ್ರಕಾರರೋ?

ಮೈಸೂರಿನ ವೆಂಕಟಪ್ಪನವರನ್ನು ಯಾವ ಸಾಲಿಗೆ ಸೇರಿಸಬೇಕು, ಗಂಗಾವತಿಯಲ್ಲಿ ಕುಳಿತು ಜಲವರ್ಣ ಅಭ್ಯಾಸ ಮಾಡುವ ತಮಗೆ ಅವರ ಚಿತ್ರಗಳು ಮಾದರಿಯಾಗಬಲ್ಲವೇ ಎಂದು ಕೇಳಿದ್ದೀರಿ. ಕೊಪ್ಪಳದಲ್ಲಿ ಚಿತ್ರಕಲಾ ಶಿಕ್ಷಕನಾಗಿರುವ ನನಗೆ ಇದು ಬಲು ಇಷ್ಟದ ವಿಷಯ.

ಅವರು ಎರಡೂ ಹೌದು. ಆಸ್ಥಾನದ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ 1909ರಲ್ಲಿ ಕಲ್ಕತ್ತೆಗೆ ಹೋಗಿ ಬಂಗಾಳದ ಹೆಸರಾಂತ ಚಿತ್ರಕಾರ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ದಂತದ ಮೇಲೆ ಪುಟ್ಟ ಪುಟ್ಟ ಭಾವಚಿತ್ರಗಳನ್ನು ಬರೆದರು. ಅಂಥ ಕೆಲಸದಲ್ಲಿ ರೆಪ್ಪೆಯ ಒಂದು ಗೆರೆ ತಪ್ಪಿದರೂ ಮುಖವೇ ಬೇರೆಯವರದಾಗುತ್ತದೆ. ಆ ಶಿಸ್ತಿನಲ್ಲಿ ಪಳಗಿದ ಕಣ್ಣೇ ಮುಂದೆ ಊಟಿ, ಕೊಡೈಕೆನಾಲ್ ಬೆಟ್ಟಗಳನ್ನು ನೋಡಿತು. ಹೀಗಾಗಿ ಅವರ ಮಂಜಿನಲ್ಲೂ ಮರಗಳ ಗುರುತು ಅಳಿಯುವುದಿಲ್ಲ. ಚಿತ್ರದಷ್ಟೇ ಶ್ರದ್ಧೆಯಿಂದ ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು, ಮದುವೆಯಾಗಲಿಲ್ಲ. 1940ರಲ್ಲಿ ಮಹಾರಾಜರು ತೀರಿಕೊಂಡ ಮೇಲೆ ಬೆಂಗಳೂರಿಗೆ ಬಂದು ನೆಲೆಸಿ, 1965ರಲ್ಲಿ ಕಾಲವಾದರು.

ಇನ್ನು ಮಾದರಿಯ ಮಾತು. ಅವರ ನೋಟವನ್ನು ಕಲಿಯಿರಿ, ಬಣ್ಣ ಹಚ್ಚುವ ಕ್ರಮವನ್ನು ಇಲ್ಲಿಗೆ ಹಾಗೆಯೇ ತರಬೇಡಿ. ಊಟಿಯ ತೇವದ ಗಾಳಿಯಲ್ಲಿ ಹಚ್ಚಿದ ಬಣ್ಣ ಬಹು ಹೊತ್ತು ಹಸಿಯಾಗಿರುತ್ತದೆ, ಒಂದರೊಳಗೊಂದು ನಿಧಾನವಾಗಿ ಕರಗುತ್ತದೆ. ನಿಮ್ಮ ಗಂಗಾವತಿ ಬಳಿಯ ಆನೆಗೊಂದಿಯ ಬಂಡೆಗಳ ಎದುರು ಏಪ್ರಿಲ್ ಬಿಸಿಲಿನಲ್ಲಿ ಕುಳಿತರೆ, ಕುಂಚವನ್ನು ಮತ್ತೆ ಅದ್ದಿ ತರುವಷ್ಟರಲ್ಲಿ ಮೊದಲ ಲೇಪ ಒಣಗಿ ಅಂಚಿನಲ್ಲಿ ಗೆರೆ ನಿಂತಿರುತ್ತದೆ. ಆ ಗೆರೆಯನ್ನು ಅಳಿಸಲು ಹೋಗಬೇಡಿ. ಬಂಡೆಯ ಮೇಲೆ ಬಂಡೆ ಕುಳಿತಿರುವ ನಮ್ಮ ಗುಡ್ಡಗಳಿಗೆ ಆ ಗಡುಸು ಅಂಚೇ ಬೇಕು. ನಡುಮಧ್ಯಾಹ್ನ ಕಲ್ಲೆಲ್ಲ ಬೆಳ್ಳಗೆ ಕುಕ್ಕುತ್ತದೆ, ಆಕಾರವೇ ಕಾಣದು. ಸೂರ್ಯ ಏರುವ ಮೊದಲೇ ಹೋದರೆ ಬೂದು ಬಣ್ಣದೊಳಗಿನ ನಸುಗೆಂಪು ಸಿಗುತ್ತದೆ, ಸಾಣಾಪುರದ ಕಡೆಯ ಭತ್ತದ ಗದ್ದೆಗಳ ಹಸಿರೂ ಹಿತವಾಗಿರುತ್ತದೆ.

ಭಾವಚಿತ್ರಕ್ಕೆ ಕೈ ಪಳಗಬೇಕಾದರೆ ಕೊಪ್ಪಳದ ಹತ್ತಿರದ, ಮರದ ಗೊಂಬೆಗಳ ಊರಾದ ಕಿನ್ನಾಳಕ್ಕೂ ಬನ್ನಿ. ಅಲ್ಲಿನ ಚಿತ್ರಗಾರರು ಹಗುರ ಮರದ ಗೊಂಬೆಗೆ ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಕಿಟ್ಟವೆಂಬ ಮುದ್ದೆಯನ್ನು ಮೆತ್ತಿ, ಬಣ್ಣ ಹಚ್ಚಿ, ಹುಬ್ಬು ಕಣ್ಣು ತಿದ್ದುವುದನ್ನು ಪಕ್ಕದಲ್ಲೇ ಕುಳಿತು ನೋಡಿ. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ ತೆರೆದಿದೆಯೇ ಎಂದು ಮೊದಲು ವಿಚಾರಿಸಿಕೊಳ್ಳಿ. ಮೊಬೈಲ್ ಪರದೆಯಲ್ಲಿ ಅವರ ತೆಳು ಬಣ್ಣಗಳು ಅರ್ಧಕ್ಕರ್ಧ ಕಳೆದುಹೋಗುತ್ತವೆ.