ಮೊದಲು ಬರೆಯಲಿ, ಒತ್ತಕ್ಷರ ಆಮೇಲೆ

ಪ್ರಿಯ ಮಾಸ್ಟ್ರೇ,

ಮುಳ್ಳೇರಿಯದಿಂದ ನೀವು ಬರೆದ ಪತ್ರ ಸಿಕ್ಕಿತು. ಮೂರು ಸಲ ಓದಿದೆ. ನಮ್ಮ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ನಮ್ಮ ಭಾನುವಾರದ ಬರವಣಿಗೆ ಕೂಟದ ಬರಹಗಳಿಗೆ ನಾಲ್ಕು ಪುಟ ಕೊಟ್ಟದ್ದು ನಿಮಗೆ ಸರಿ ಕಂಡಿಲ್ಲ. "ಬೀಡಿ ಕಟ್ಟುವವರ, ಅಡಿಕೆ ಸುಲಿಯುವವರ ಮನೆಮಾತನ್ನು ಸಾಲು ಮುರಿದು ಅಚ್ಚು ಹಾಕಿದರೆ ಕವಿತೆ ಆಗ್ತದಾ? ಅದರಲ್ಲೂ ಅರ್ಧ ತುಳು, ಕಾಲು ಮಲಯಾಳ. ಗೋವಿಂದ ಪೈ, ಕಯ್ಯಾರ ಕಿಞ್ಞಣ್ಣ ರೈಗಳಂಥ ಕವಿಗಳು ಬರೆದ ಮಣ್ಣಿನಲ್ಲಿ ಕನ್ನಡವನ್ನು ನಾವೇ ಹಾಳು ಮಾಡುವುದಾ?" ಅಂತ ಕೇಳಿದ್ದೀರಿ.

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡ ಮಾಸ್ಟ್ರಾಗಿ ದುಡಿಯುವುದೆಂದರೆ ಬರೀ ಪಾಠ ಮಾಡುವುದಲ್ಲ. ಈ ವರ್ಷ ಒಂದನೇ ಕ್ಲಾಸಿಗೆ ಎಷ್ಟು ಮಕ್ಕಳು ಬಂದರು ಎಂದು ಜೂನ್ ತಿಂಗಳಲ್ಲಿ ಬೆರಳು ಮಡಚಿ ಎಣಿಸಬೇಕು, ಮಲಯಾಳದ ಫಾರ್ಮು ಹಿಡಿದು ಮನೆ ಬಾಗಿಲಿಗೆ ಬಂದವರಿಗೆ ಅದನ್ನು ತುಂಬಿಸಿ ಕೊಡಬೇಕು. ಹಾಗೆ ಉಳಿಸಿಕೊಂಡ ಭಾಷೆ ತಪ್ಪುತಪ್ಪಾಗಿ ಅಚ್ಚಾದರೆ ಹೊಟ್ಟೆ ಉರಿಯದೆ ಇರುತ್ತದಾ.

ಆದರೆ ನೀವು ಎತ್ತಿ ಆಡಿದ ಆ ಎರಡನೇ ಬರಹ ಹುಟ್ಟಿದ್ದು ಹೇಗೆ ಅಂತ ನಿಮಗೆ ಹೇಳಲೇಬೇಕು.

ಬರೆದವರು ಇಪ್ಪತ್ತೆಂಟು ವರ್ಷ ಬೀಡಿ ಕಟ್ಟಿದವರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು. ಕೂಟಕ್ಕೆ ಮೂರು ವಾರ ಬಂದರು, ಪೆನ್ನು ಮುಟ್ಟಲಿಲ್ಲ. ನಾಲ್ಕನೇ ವಾರ ಕೊಟ್ಟ ವಿಷಯ "ನನ್ನ ಕೈ". ಹದಿನೈದು ನಿಮಿಷ. ಅವರು ಸುಮ್ನೆ ತಮ್ಮ ಹೆಬ್ಬೆರಳನ್ನೇ ನೋಡುತ್ತಾ ಕೂತಿದ್ದರು. ಬೀಡಿಯ ಬಾಯಿ ಮಡಚಿ ಮಡಚಿ ಆ ಉಗುರಿನ ಒಂದು ಅಂಚು ಸವೆದು ಹೋಗಿದೆ. ಆಮೇಲೆ ಬರೆದರು, ಆರೇ ಸಾಲು. ನೆನೆಸಿದ ಎಲೆ, ಕತ್ತರಿ, ತಡ್ಪೆಯಲ್ಲಿ (ಮೊರದಲ್ಲಿ) ಹೊಗೆಸೊಪ್ಪಿನ ಪುಡಿ, ನೂಲು. ಕೊನೆಗೆ ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ಚೆಕ್ಕರ್ ಬೀಡಿಯನ್ನು ಹಿಚುಕಿ ನೋಡಿ "ಇದು ಆಗದು" ಎಂದು ಮುರಿದು ಹಾಕುವ ಹೊತ್ತು. "ಮುರಿಯುವಾಗ ಸಬ್ದ ಬರುವುದಿಲ್ಲ, ನನಗೆ ಮಾತ್ರ ಕೇಳ್ತದೆ" ಎಂದು ಬರೆದಿದ್ದರು.

ಓದುವ ಮೊದಲು ಹಾಳೆಯನ್ನು ನನ್ನ ಕಡೆ ಚಾಚಿದರು. "ಇದರಲ್ಲಿ ಎಷ್ಟು ತಪ್ಪುಂಟು, ಮೊದಲು ನೋಡಿ ಹೇಳಿ." ಆಗ ನಾನು ಕೆಂಪು ಪೆನ್ನು ತೆಗೆದಿದ್ದರೆ ನನಗೂ ಆ ಚೆಕ್ಕರಿಗೂ ಏನು ವ್ಯತ್ಯಾಸ ಮಾಸ್ಟ್ರೇ?

ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಮೂರು ಕಡೆಯೂ "ನಿನ್ನ ಮಾತು ಸರಿಯಿಲ್ಲ" ಅಂತಲೇ ಕೇಳಿಕೊಂಡು ಬಂದವರು ನಮ್ಮಲ್ಲಿ ತುಂಬ ಜನ ಇದ್ದಾರೆ. ಅವರಿಗೆ ಹೇಳಲಿಕ್ಕೆ ಏನೂ ಇಲ್ಲ ಅಂತಲ್ಲ. ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುತ್ತಾ ಓಬೇಲೆ ಹಾಡು ಹೇಳಿದ, ಗಂಟೆಗಟ್ಟಲೆ ಪಾಡ್ದನ ಎಂಬ ತುಳು ಕಥನಗೀತೆ ಹಾಡಿದ ಹೆಂಗಸರ ಮಕ್ಕಳು, ಮೊಮ್ಮಕ್ಕಳು ಅವರು. ಕಣ್ಣೂರಿನ ಕಡೆ ಬೀಡಿ ಶೆಡ್ಡುಗಳಲ್ಲಿ ಒಬ್ಬರು ಗಟ್ಟಿಯಾಗಿ ಪೇಪರು, ಕಾದಂಬರಿ ಓದುವುದು, ಉಳಿದವರು ಕೈಕೆಲಸ ಬಿಡದೆ ಕೇಳುತ್ತಾ ಓದುವವರ ಪಾಲಿನ ಬೀಡಿಯನ್ನೂ ಕಟ್ಟಿಕೊಡುವುದು ವಾಡಿಕೆಯಾಗಿತ್ತಲ್ಲ, ಮನೆಯ ಜಗಲಿಯಲ್ಲಿ ಒಬ್ಬರೇ ಕೂತು ಕಟ್ಟಿದ ನಮ್ಮ ಹೆಂಗಸರಿಗೆ ಅಂಥ ಜೊತೆಯೂ ಸಿಗಲಿಲ್ಲ. 1998ರಲ್ಲಿ ಕೇರಳ ಸರಕಾರದ ಕುಟುಂಬಶ್ರೀ ಎಂಬ ಹೆಂಗಸರ ಗುಂಪುಗಳ ಯೋಜನೆ ಶುರುವಾದ ಮೇಲೆ ಸುತ್ತ ಕೂತು ಮಾತಾಡುವ ಅಭ್ಯಾಸ ಬಂತು. ನಮ್ಮ ಕೂಟಕ್ಕೆ ಬರುವವರಲ್ಲಿ ಜಾಸ್ತಿ ಜನ ಅಲ್ಲಿಂದಲೇ ಬಂದವರು. ಅಲ್ಲಿ ಸಾಲದ ಲೆಕ್ಕ, ಇಲ್ಲಿ ಬೇರೆ ಮಾತು.

ಕೂಟದಲ್ಲಿ ನಮ್ಮ ಕಟ್ಟಳೆ ಕಡಿಮೆ. ಓದಲೇಬೇಕೆಂದಿಲ್ಲ. ಕೇಳಿದವರು ಯಾವ ಸಾಲು ಮನಸ್ಸಿಗೆ ಹಿಡಿಯಿತು ಅಂತ ಮಾತ್ರ ಹೇಳಬೇಕು. "ಇದು ನಿನ್ನ ಗಂಡನ ವಿಷಯವಾ?" ಅಂತ ಕೇಳುವ ಹಾಗಿಲ್ಲ, ಎಲ್ಲವನ್ನೂ ಕತೆ ಎಂದೇ ಹಿಡಿಯಬೇಕು. ಕೇಳಿದ್ದು ಹೊರಗೆ ಹೋಗಬಾರದು. ಇದು ನಮ್ಮ ತಲೆಯಿಂದ ಬಂದದ್ದಲ್ಲ. ಅಮೆರಿಕದ ಆಮ್ಹರ್ಸ್ಟ್ ಎಂಬ ಊರಿನಲ್ಲಿ ಪ್ಯಾಟ್ ಶ್ನೈಡರ್ ಎಂಬ ಕವಯಿತ್ರಿ 1981ರಲ್ಲಿ ಶುರು ಮಾಡಿದ ಕ್ರಮ ಇದು. ಬಡತನದಲ್ಲೇ ಬೆಳೆದ ಅವರು ಮುಂದೆ ಬಡ ಹೆಂಗಸರಿಗಾಗಿಯೇ ಇಂಥ ಕೂಟ ನಡೆಸಿದರು. ಊರಿನಲ್ಲಿ ಎಲ್ಲರಿಗೂ ಎಲ್ಲರ ಮನೆ ಗೊತ್ತಿರುವ ನಮ್ಮಂಥ ಕಡೆ ಆ "ಕತೆ ಎಂದೇ ಹಿಡಿಯಬೇಕು" ಅನ್ನುವುದು ದೊಡ್ಡ ಆಸರೆ. ಅಚ್ಚು ಹಾಕುವಾಗಲೂ ಬರೆದವರನ್ನು ಎರಡು ಸಲ ಕೇಳಿಯೇ ಹಾಕಿದ್ದು.

ಅಕ್ಷರವೇ ಬಾರದವರು ಏನು ಮಾಡುವುದು? ಕೆನೆತ್ ಕೋಕ್ ಎಂಬ ಕವಿ 1970ರ ದಶಕದಲ್ಲಿ ನ್ಯೂಯಾರ್ಕಿನ ವೃದ್ಧಾಶ್ರಮದಲ್ಲಿ ಕವಿತೆ ಕಲಿಸಿದಾಗ, ಕೈ ನಡುಗುವ ಮುದುಕರು ಹೇಳುತ್ತಾ ಹೋದರು, ಬೇರೆಯವರು ಬರೆದುಕೊಂಡರು. ನಮ್ಮಲ್ಲೂ ಒಬ್ಬರು ಅಜ್ಜಿ ತುಳುವಿನಲ್ಲಿ ಹೇಳುತ್ತಾರೆ. ಬರೆದುಕೊಳ್ಳುವ ಮೊಮ್ಮಗಳು ಓದಿದ್ದು ಮಲಯಾಳ ಮೀಡಿಯಂ. ಹಾಗಾಗಿ ಅಜ್ಜಿಯ ತುಳು ಮಲಯಾಳ ಲಿಪಿಯಲ್ಲಿ ಹಾಳೆಗೆ ಇಳಿಯುತ್ತದೆ, ನಾವು ಅದನ್ನು ಕನ್ನಡ ಅಕ್ಷರಕ್ಕೆ ತರುತ್ತೇವೆ. ಮೊನ್ನೆ ಆ ಹುಡುಗಿ ನಾನು ಬರೆದದ್ದನ್ನು ಬಗ್ಗಿ ನೋಡಿ "ಇದರಲ್ಲಿ ಅಜ್ಜಿ ಹೆಸರು ಎಲ್ಲುಂಟು?" ಎಂದು ಕೇಳಿದಳು. ತೋರಿಸಿದೆ. ಅಲ್ಲೇ ಕೂತು ಆ ಮೂರು ಅಕ್ಷರ ಹತ್ತು ಸಲ ಬರೆದಳು. ಆ ಮನೆಗೆ ಕನ್ನಡ ಹೋದದ್ದು ಅಜ್ಜಿಯ ತುಳು ಮಾತಿನ ಹಿಂದೆ ಹಿಂದೆಯೇ ಅಲ್ವಾ?

ಗೋವಿಂದ ಪೈಗಳ ಮನೆಮಾತು ಕೊಂಕಣಿ. ಅವರು 1911ರಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಬೇಕೆಂಬ ಪ್ರಾಸ ಬಿಟ್ಟು ಬರೆದಾಗ ಅದು ಪದ್ಯವೇ ಅಲ್ಲ ಅಂದವರಿದ್ದರು. ಕಯ್ಯಾರರು ಕನ್ನಡಕ್ಕಾಗಿ ಅಷ್ಟು ಹೋರಾಡಿಯೂ ತುಳುವಿನಲ್ಲೂ ಬರೆದರು. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಅವರ ಸಾಲಿಗೆ ನಮ್ಮ ಕೂಟದವರನ್ನು ಸೇರಿಸುತ್ತಲೂ ಇಲ್ಲ.

ನಿಮ್ಮ ಎರಡು ಮಾತು ಒಪ್ಪುತ್ತೇನೆ. ಆ ನಾಲ್ಕು ಪುಟದಲ್ಲಿ ಇದ್ದದ್ದೆಲ್ಲ ಕವಿತೆ ಅಲ್ಲ, ತಲೆಬರಹದಲ್ಲಿ ಹಾಗೆ ಹಾಕಿದ್ದು ನನ್ನ ತಪ್ಪು. ಇನ್ನು ಮುಂದೆ "ಕೂಟದ ಬರಹಗಳು" ಎಂದೇ ಹಾಕುತ್ತೇವೆ. ತುಳು, ಮಲಯಾಳ ಮಾತುಗಳಿಗೆ ಕೆಳಗೆ ಅರ್ಥವನ್ನೂ ಕೊಡುತ್ತೇವೆ. ಆದರೆ "ಸಬ್ದ"ವನ್ನು ತಿದ್ದದೆ ಬಿಟ್ಟದ್ದು ಬೇಕೆಂದೇ.

ಮತ್ತೊಂದು ವಿಷಯ. ನಿಮ್ಮ ಪತ್ರವನ್ನು ಕೂಟದಲ್ಲಿ ಓದಿದೆ. "ನನ್ನ ಕೈ" ಬರೆದ ಅವರು ಹೆಬ್ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪೂರ್ತಿ ಕೇಳಿಸಿಕೊಂಡರು. ಆಮೇಲೆ "ಒತ್ತಕ್ಷರ ಸರಿಯಾಗಿ ಕಲಿಸಲಿಕ್ಕೆ ಈ ಮಾಸ್ಟ್ರು ಬರಬಹುದಾ?" ಎಂದು ಕೇಳಿದರು. ಉಳಿದವರೂ ನನ್ನನ್ನೇ ನೋಡಿದರು. ಭಾನುವಾರ ಮೂರು ಗಂಟೆಗೆ, ಬದಿಯಡ್ಕದಲ್ಲಿ. ನೀವು ಬರುವುದಾದರೆ ಮೊದಲ ಅರ್ಧ ಗಂಟೆ ಬರೆಯುವುದು, ಉಳಿದ ಹೊತ್ತು ನಿಮ್ಮದು. ಬರ್ತೀರಾ?