ಆ್ಯಪಲ್ ಹೆಸರಿಗಾಗಿ ಬೀಟಲ್ಸ್ ಕಂಪನಿ ಹಾಕಿದ ಕೇಸ್ ಯಾಕೆ ಬಿದ್ದುಹೋಯಿತು?

ಪ್ರಶ್ನೆ: ಆ್ಯಪಲ್ ಅನ್ನೋ ಹೆಸರನ್ನು ಮೊದಲು ಇಟ್ಟುಕೊಂಡದ್ದು ಬ್ರಿಟನ್ನಿನ ಬ್ಯಾಂಡ್ ಬೀಟಲ್ಸ್. ಹಾಗಿದ್ದೂ ಕೋರ್ಟಿನಲ್ಲಿ ಕಂಪ್ಯೂಟರ್ ಕಂಪನಿ ಗೆದ್ದದ್ದು ಹೇಗೆ? ನಮ್ಮ ಬ್ಯಾಂಡಿನ ಹೆಸರೇ ಇರುವ ಸ್ಪೀಕರ್ ಕಂಪನಿಯೊಂದು ‘ಇಬ್ಬರೂ ಬಳಸೋಣ, ಅಗ್ರಿಮೆಂಟ್ ಮಾಡಿಕೊಳ್ಳೋಣ’ ಅನ್ನುತ್ತಿದೆ. ಸಹಿ ಹಾಕಬಹುದಾ?

2006ರಲ್ಲಿ ಲಂಡನ್ ಹೈಕೋರ್ಟಿನ ಮುಂದೆ ಇದ್ದದ್ದು ಒಂದೇ ಪ್ರಶ್ನೆ: 1991ರಲ್ಲಿ ಇಬ್ಬರೂ ಸಹಿ ಹಾಕಿದ್ದ ಅಗ್ರಿಮೆಂಟ್ ಮುರಿಯಿತೇ, ಇಲ್ಲವೇ? ಹೆಸರು ಮೊದಲು ಯಾರದು ಅನ್ನೋದು ಅಲ್ಲಿ ಲೆಕ್ಕಕ್ಕೇ ಬರಲಿಲ್ಲ.

ಬೀಟಲ್ಸ್‌ನ ಕಂಪನಿ ಆ್ಯಪಲ್ ಕೋರ್ 1968ರದು, ಆ್ಯಪಲ್ ಕಂಪ್ಯೂಟರ್ 1976ರದು. 1981ರಲ್ಲಿ 80,000 ಡಾಲರಿಗೆ ಮೊದಲ ರಾಜಿ: ನೀವು ಸಂಗೀತಕ್ಕೆ ಬರಬೇಡಿ, ನಾವು ಕಂಪ್ಯೂಟರಿಗೆ ಬರುವುದಿಲ್ಲ. ಆಮೇಲೆ ಕಂಪ್ಯೂಟರೇ ಹಾಡತೊಡಗಿತು. ಆ್ಯಪಲ್ 2ಜಿಎಸ್ ಎಂಬ ಕಂಪ್ಯೂಟರಿನ ಒಳಗೆ ಸಂಗೀತ ಹೊರಡಿಸುವ, ಎನ್ಸಾನಿಕ್ ಕಂಪನಿಯ ಸಿಂಥಸೈಜರ್ ಚಿಪ್ ಇತ್ತು. 1989ರಲ್ಲಿ ಮತ್ತೆ ದಾವೆ, 1991ರಲ್ಲಿ ಸುಮಾರು 2.65 ಕೋಟಿ ಡಾಲರಿನ ಎರಡನೇ ರಾಜಿ.

ಎಡವಟ್ಟಾದದ್ದು ಆ ಎರಡನೇ ಕಾಗದದಲ್ಲಿ. ಸಂಗೀತವೇ ಮುಖ್ಯವಾಗಿರುವ ಕೃತಿಗಳನ್ನು ಅದು ಆ್ಯಪಲ್ ಕೋರ್‌ಗೆ ಬಿಟ್ಟಿತ್ತು, ನಿಜ. ಆದರೆ 4.3ನೇ ಕಲಮಿನ ಪ್ರಕಾರ, ಹಾಡನ್ನು ನುಡಿಸುವ ಅಥವಾ ತಲುಪಿಸುವ ಸರಕು–ಸೇವೆಗಳ ಮೇಲೆ ಕಂಪ್ಯೂಟರ್ ಕಂಪನಿ ತನ್ನ ಗುರುತು ಹಾಕಬಹುದಿತ್ತು. ಹಾಡು ತುಂಬಿದ ಭೌತಿಕ ವಸ್ತುವಿನ ಮೇಲೆ ಮಾತ್ರ ಹಾಕುವಂತಿರಲಿಲ್ಲ. ಕೊಟ್ಟ ಉದಾಹರಣೆ ರೋಲಿಂಗ್ ಸ್ಟೋನ್ಸ್ ಸಿ.ಡಿ. 2003ರಲ್ಲಿ ಕಂಪ್ಯೂಟರ್ ಕಂಪನಿ ಐಟ್ಯೂನ್ಸ್ ಎಂಬ ಆನ್‌ಲೈನ್ ಹಾಡಿನ ಮಳಿಗೆ ತೆರೆದಾಗ ಅಗ್ರಿಮೆಂಟ್ ಮುರಿಯಿತೆಂದು ಆ್ಯಪಲ್ ಕೋರ್ ಕೋರ್ಟಿಗೆ ಹೋಯಿತು. ಆದರೆ ಅಲ್ಲಿ ಮಾರಿದ್ದು ಫೈಲ್, ಸಿ.ಡಿ. ಅಲ್ಲ. ಸೇಬಿನ ಲೋಗೋ ಅಂಗಡಿ ಯಾರದೆಂದು ತೋರಿಸುತ್ತದೆ, ಹಾಡು ಯಾರದೆಂದಲ್ಲ ಎಂದು ನ್ಯಾಯಮೂರ್ತಿ ಮ್ಯಾನ್ ತೀರ್ಪು ಕೊಟ್ಟರು. 2007ರ ರಾಜಿಯಲ್ಲಿ ಆ್ಯಪಲ್ ಹೆಸರಿನ ಎಲ್ಲ ಟ್ರೇಡ್‌ಮಾರ್ಕೂ ಆ್ಯಪಲ್ ಇಂಕ್ (ಕಂಪ್ಯೂಟರ್ ಕಂಪನಿಯ ಹೊಸ ಹೆಸರು) ಪಾಲಾಯಿತು. ಹೆಸರು ಮೊದಲು ಇಟ್ಟವರೇ ಈಗ ಲೈಸೆನ್ಸ್ ಮೇಲೆ ಬಳಸುತ್ತಾರೆ!

ನಿಮ್ಮ ವಿಷಯಕ್ಕೆ ಬಂದರೆ, ಸ್ಪೀಕರ್ ಮತ್ತು ರೆಕಾರ್ಡಿಂಗ್ ಎರಡೂ ಬೀಳುವುದು ಟ್ರೇಡ್‌ಮಾರ್ಕಿನ 9ನೇ ಕ್ಲಾಸಿನಲ್ಲೇ (ಕ್ಲಾಸ್ ಅಂದರೆ ಸರಕು–ಸೇವೆಗಳ ವರ್ಗ). ಲೈವ್ ಕಾರ್ಯಕ್ರಮ 41ರಲ್ಲಿ. ಟ್ರೇಡ್‌ಮಾರ್ಕ್ ನೋಂದಣಿಯ ಸರ್ಕಾರಿ ತಾಣ ಐಪಿ ಇಂಡಿಯಾದಲ್ಲಿ ಎರಡೂ ಕ್ಲಾಸಿನಲ್ಲಿ ನಿಮ್ಮ ಹೆಸರು ಹುಡುಕಿ. ಅವರ ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾಗಿ 4 ತಿಂಗಳು ದಾಟದಿದ್ದರೆ ಟಿಎಂ-ಓ ಫಾರಂನಲ್ಲಿ ಆಕ್ಷೇಪಣೆ ಹಾಕಬಹುದು. ದಾಟಿದರೆ ಆ ದಾರಿ ಮುಚ್ಚಿತು. ಅವರಿಗಿಂತ ಮೊದಲಿನಿಂದಲೂ ಬಿಡದೆ ಬಳಸುತ್ತಿದ್ದರೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಸೆಕ್ಷನ್ ನಿಮ್ಮ ಕೈ ಹಿಡಿಯುತ್ತದೆ. ಅದಕ್ಕೆ ದಿನಾಂಕವಿರುವ ಪುರಾವೆ ಬೇಕು: ಕಾರ್ಯಕ್ರಮದ ಇನ್‌ವಾಯ್ಸ್, ಟಿಕೆಟ್, ಪೋಸ್ಟರ್, ಹಾಡು ಅಪ್‌ಲೋಡ್ ಆದ ದಿನ. ‘ಊರಿಗೆಲ್ಲ ಗೊತ್ತು’ ಅಂದರೆ ನಡೆಯುವುದಿಲ್ಲ.

ಅಗ್ರಿಮೆಂಟಿನಲ್ಲಿ ಸಿ.ಡಿ., ಸ್ಟ್ರೀಮಿಂಗ್ ಎಂದು ಇವತ್ತಿನ ಮಾಧ್ಯಮ ಹಿಡಿದು ಗಡಿ ಹಾಕಬೇಡಿ. ಈಗಿರುವ, ಮುಂದೆ ಬರುವ ಯಾವ ವಿಧಾನದಲ್ಲೂ ಹಾಡು ಮಾರುವ ಅಥವಾ ಕೇಳಿಸುವ ಸೇವೆಗೆ ಈ ಹೆಸರು ಅವರು ಬಳಸುವಂತಿಲ್ಲ ಎಂದೇ ಬರೆಸಿ. ಇವತ್ತು ಸ್ಪೀಕರ್, ನಾಳೆ ಅದರ ಜೊತೆಗೊಂದು ಮ್ಯೂಸಿಕ್ ಆ್ಯಪ್. ನನಗೆ ಕಾಣುವ ದೊಡ್ಡ ಅಪಾಯ ಅದೇ. ಕಂಪನಿ ಮಾರಾಟವಾದರೆ ಕೊಂಡವರಿಗೂ ಷರತ್ತು ಅನ್ವಯ ಎಂಬ ಸಾಲು ಇಲ್ಲದಿದ್ದರೆ ಸಹಿ ಬೇಡ.

ಜೊತೆಗೆ ಹೆಸರಿನ ನೋಂದಣಿಗೆ ನಿಮ್ಮದೇ ಟಿಎಂ-ಎ ಅರ್ಜಿ ಹಾಕಿಬಿಡಿ. ಗಾಯಕನೊಬ್ಬನ ಹೆಸರಿನಲ್ಲಿ ಬೇಡ, ಅವನು ಬ್ಯಾಂಡ್ ಬಿಟ್ಟರೆ ಹೆಸರೂ ಅವನ ಹಿಂದೆಯೇ ಹೋಗುತ್ತದೆ. ಪಾರ್ಟ್ನರ್‌ಶಿಪ್ ಮಾಡಿಕೊಂಡು ಅದರ ಹೆಸರಿನಲ್ಲಿ ಹಾಕಿ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಇದ್ದರೆ ಆನ್‌ಲೈನ್ ಫೀ ಕ್ಲಾಸಿಗೆ 4,500 ರೂಪಾಯಿ, ಇಲ್ಲದಿದ್ದರೆ 9,000.