‘ಅರ್ಥ ಆಯ್ತು ಮಿಸ್’ ಎಂದರೆ ಸಾಕೇ?

ಪ್ರಶ್ನೆ: ಮೇಡಂ, ನಾನು ಮೂರನೇ ತರಗತಿಗೆ ಪಾಠ ಮಾಡುತ್ತೇನೆ. ‘ಮಕ್ಕಳು ಕಳೆಯುವ ಲೆಕ್ಕವನ್ನು ಅರ್ಥ ಮಾಡಿಕೊಳ್ಳುವರು’ ಎಂದು ಪಾಠ ಯೋಜನೆಯಲ್ಲಿ ಗುರಿ ಬರೆಯುತ್ತೇನೆ, ಬೋರ್ಡಿನ ಮೇಲೂ ಬರೆಯುತ್ತೇನೆ. ಕೊನೆಯಲ್ಲಿ ‘ಇವತ್ತು ಏನು ಕಲಿತಿರಿ?’ ಎಂದರೆ ‘ಲೆಕ್ಕ ಮಾಡಿದೆವು ಮಿಸ್’ ಎನ್ನುತ್ತಾರೆ, ಅಷ್ಟೇ. ಕೆಲವರು ತುಂಬಾ ಮುಂದೆ, ಕೆಲವರು ಹಿಂದೆ. ಎಲ್ಲರಿಗೂ ಒಂದೇ ಗುರಿ ಇಡಬಹುದೇ?

ಉತ್ತರ: ಮಕ್ಕಳು ಸರಿಯಾಗಿಯೇ ಹೇಳಿದ್ದಾರೆ. ಅವರಿಗೆ ಕಂಡಿದ್ದು ಕೆಲಸ ಮಾತ್ರ, ಗುರಿ ಕಾಣಲೇ ಇಲ್ಲ. ಅರ್ಥವಾಗುವುದು ತಲೆಯೊಳಗಿನ ವಿಷಯ. ಆಯಿತೋ ಇಲ್ಲವೋ ಎಂದು ಹೊರಗಿನಿಂದ ನಿಮಗೆ ಕಾಣುವುದಿಲ್ಲ, ಮಗುವಿಗೂ ಖಚಿತವಾಗಿ ಗೊತ್ತಾಗುವುದಿಲ್ಲ.

52ರಲ್ಲಿ 38 ಕಳೆಯಲು ಕೊಟ್ಟು ನೋಡಿ. ಒಂದಷ್ಟು ಮಕ್ಕಳು 26 ಎಂದು ಬರೆಯುತ್ತಾರೆ. 2ರಲ್ಲಿ 8 ಹೋಗಲ್ಲ, ಹಾಗಾಗಿ ತಿರುಗಿಸಿ 8ರಲ್ಲಿ 2 ಕಳೆದುಬಿಡುತ್ತಾರೆ. ಕೇಳಿದರೆ ‘ಅರ್ಥ ಆಗಿದೆ’ ಎನ್ನುತ್ತಾರೆ, ಹಾಗೆಂದು ನಂಬಿಯೂ ಇರುತ್ತಾರೆ. ಈಗ ಗುರಿಯನ್ನು ಮಗುವಿನ ಮಾತಿನಲ್ಲೇ ಹೀಗೆ ಬರೆಯಿರಿ: ‘ಬಿಡಿ ಸಾಲದೇ ಹೋದರೆ ಒಂದು ಹತ್ತನ್ನು ಬಿಡಿಸಿಕೊಂಡು ಕಳೆಯುತ್ತೇನೆ. ಬಂದ ಉತ್ತರಕ್ಕೆ ಕಳೆದ ಸಂಖ್ಯೆಯನ್ನು ಕೂಡಿಸಿ ಸರಿ ನೋಡುತ್ತೇನೆ.’ 26ಕ್ಕೆ 38 ಕೂಡಿಸಿದರೆ 64. 52 ಬರಲಿಲ್ಲ, ಅಲ್ವಾ? ನೀವು ಕೆಂಪು ಗೆರೆ ಎಳೆಯುವ ಮೊದಲೇ ಎಲ್ಲೋ ಎಡವಿದ್ದು ಮಗುವಿಗೇ ತಿಳಿಯುತ್ತದೆ. ಗುರಿ ಮುಟ್ಟಿದೆನೋ ಇಲ್ಲವೋ ಎಂದು ಮಗು ತಾನೇ ಹೇಳಬಲ್ಲದಾದರೆ, ಆ ಗುರಿಯನ್ನು ಸ್ಪಷ್ಟ ಎನ್ನುತ್ತೇನೆ ನಾನು.

ಬೋಧನೆಯ ಗುರಿ ಬರೆಯುವ ಬಗೆಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಮೇಗರ್ 1962ರಲ್ಲೇ ಹೇಳಿದ್ದರು. ಕಲಿಯುವವರು ಏನು ಮಾಡಿ ತೋರಿಸಬೇಕು, ಯಾವ ಸ್ಥಿತಿಯಲ್ಲಿ, ಎಷ್ಟು ಚೆನ್ನಾಗಿ ಎಂಬ ಮೂರೂ ಗುರಿಯಲ್ಲಿ ಇರಬೇಕು ಎಂದು. ಬರೆಯಲು ಕುಳಿತಾಗ ಈ ಮೂರನ್ನು ಕೇಳಿಕೊಂಡರೆ ಸಾಕು. ‘20 ಲೆಕ್ಕ ಮುಗಿಸುವುದು’ ಎಂಬುದು ಕೆಲಸ, ಗುರಿಯಲ್ಲ. ಕತೆಯನ್ನು ಸುಮ್ನೆ ಖುಷಿಗೆ ಓದಿ ಹೇಳುವಾಗ ಮಾತ್ರ ದಯವಿಟ್ಟು ಯಾವ ಗುರಿಯನ್ನೂ ಬರೆಯಬೇಡಿ.

ಗುರಿ ಹತ್ತಿರದಲ್ಲೂ ಇರಬೇಕು. ಲೆಕ್ಕದಲ್ಲಿ ಹಿಂದುಳಿದಿದ್ದ, ಅದರಲ್ಲಿ ಆಸಕ್ತಿಯೂ ಇಲ್ಲದ ಮಕ್ಕಳಿಗೆ ಮನಶ್ಶಾಸ್ತ್ರಜ್ಞರಾದ ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶುಂಕ್ ಕಳೆಯುವ ಲೆಕ್ಕಗಳ 42 ಪುಟ ಕೊಟ್ಟರು. ಕೆಲವರಿಗೆ ‘ಒಂದು ಸಲಕ್ಕೆ 6 ಪುಟ’ ಎಂದರು. ಕೆಲವರಿಗೆ ‘7 ಅವಧಿ ಮುಗಿಯುವಷ್ಟರಲ್ಲಿ 42 ಪುಟ’ ಎಂದರು. ಒಟ್ಟು ಕೆಲಸ ಒಂದೇ. ಆದರೂ 6 ಪುಟದ ಮಕ್ಕಳೇ ಜಾಸ್ತಿ ಕಲಿತರು. ‘ನನ್ನಿಂದ ಆಗುತ್ತೆ’ ಎಂಬ ನಂಬಿಕೆ, ಲೆಕ್ಕದ ಮೇಲಿನ ಆಸಕ್ತಿ ಎರಡೂ ಅವರಲ್ಲಿ ಬೆಳೆದವು. 1981ರ ಅಧ್ಯಯನ ಇದು. ವರ್ಷದ ಗುರಿ ನಿಮ್ಮ ಪುಸ್ತಕದಲ್ಲಿರಲಿ, ಮಗುವಿನ ಮುಂದೆ ಈ ವಾರದ್ದು ಮಾತ್ರ ಇರಲಿ.

ಇನ್ನು, ಮುಂದಿರುವವರು, ಹಿಂದಿರುವವರು. ಹಿಂದಿರುವ ಮಗುವಿಗೆಂದು ಗುರಿಯನ್ನೇ ಇಳಿಸಬೇಡಿ, ಸಹಾಯ ಹೆಚ್ಚಿಸಿ. ಹತ್ತರ ಕಟ್ಟು ಬಿಚ್ಚಿ ಕಡ್ಡಿ ಎಣಿಸಿ ಕಳೆದರೂ ಗುರಿ ಅದೇ. ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಉಳಿದವರೆಲ್ಲ ಬಿಟ್ಟ ಮೇಲೂ ಕಡ್ಡಿ ಹಿಡಿದೇ ಲೆಕ್ಕ ಮಾಡುತ್ತಿದ್ದಳು. ನಾನು ಕಿತ್ತುಕೊಳ್ಳಲಿಲ್ಲ. ಬೇಡ ಅನ್ನಿಸಿದ ದಿನ ತಾನೇ ಪಕ್ಕಕ್ಕೆ ಇಟ್ಟಳು. ಮುಂದಿರುವವರಿಗೆ 302ರಲ್ಲಿ 47 ಕೊಡಿ. ನಡುವಿನ ಸೊನ್ನೆ ಅವರನ್ನು ಯೋಚನೆಗೆ ಹಚ್ಚುತ್ತದೆ.

ನಾಳೆ ಕೊನೆಯ ಐದು ನಿಮಿಷ ಒಂದೇ ಲೆಕ್ಕ ಕೊಟ್ಟು ಚೀಟಿಯಲ್ಲಿ ಮಾಡಿಸಿ. 71ರಲ್ಲಿ 46 ಆಗಬಹುದು. ಅಂಕ ಹಾಕಬೇಡಿ. ಸರಿಯಾಗಿ ಮಾಡಿದವರು, ತಿರುಗಿಸಿ ಕಳೆದವರು, ಹತ್ತು ಬಿಡಿಸಿಯೂ ಎಣಿಕೆ ತಪ್ಪಿದವರು ಎಂದು ಚೀಟಿಗಳನ್ನು ಬೇರೆ ಮಾಡಿ. ನಾಡಿದ್ದು ಯಾರ ಪಕ್ಕ ಮೊದಲು ಕೂರಬೇಕೆಂದು ಅದರಲ್ಲೇ ಗೊತ್ತಾಗುತ್ತದೆ.